18 ಸಾಲು, 9 ಹೂವು: ಬಣ್ಣದ ನೂಲಿನಲ್ಲಿ ಸಾಶಿಕೋ ಕೋಸ್ಟರ್, ಆಮೇಲೆ ಒಂದು ಜಿಪ್ ಪೌಚ್

ಇಲ್ಲಿ ಎರಡು ಕೆಲಸಗಳ ವಿವರ ಇದೆ. ಮೊದಲನೆಯದು 10 ಸೆಂ.ಮೀ. ಚೌಕದ ಕೋಸ್ಟರ್, ‘ಕಾಕಿ ನೊ ಹಾನಾ’ (ಪರ್ಸಿಮನ್ ಹೂವು) ಮಾದರಿಯಲ್ಲಿ, ಮೂರು ಬಣ್ಣದ ನೂಲಿನಿಂದ. ಎರಡನೆಯದು ಸುಮಾರು 18 × 12 ಸೆಂ.ಮೀ. ಜಿಪ್ ಪೌಚ್, ‘ಶಿಪ್ಪೋ’ ಎನ್ನುವ ಸುತ್ತುಗಳ ಮಾದರಿಯಲ್ಲಿ, ಎರಡು ಬಣ್ಣದಲ್ಲಿ. ಬರಹದ ಹೆಚ್ಚು ಭಾಗ ಕೋಸ್ಟರಿಗೇ ಹೋಗುತ್ತದೆ. ಬಣ್ಣದ ತೊಡಕೆಲ್ಲ ಅಲ್ಲೇ ಎದುರಾಗುತ್ತದೆ, ಅದು ಬಗೆಹರಿದರೆ ಪೌಚ್ ಸಲೀಸು.

ಸಾಶಿಕೋ ಅಂದರೆ ಜಪಾನಿನ ಓಟದ ಹೊಲಿಗೆಯ ಎಂಬ್ರಾಯ್ಡರಿ, ಸಾಮಾನ್ಯವಾಗಿ ನೀಲಿ ಬಟ್ಟೆಯ ಮೇಲೆ ಬಿಳಿ ನೂಲು. ಜಪಾನಿನ ಉತ್ತರದ ತೊಹೊಕು ಸೀಮೆಯಲ್ಲಿ, ಚಳಿ ತಡೆಯಲು ಪದರದ ಮೇಲೆ ಪದರ ಇಟ್ಟು ಹೊಲಿದ ರೈತರ ಬಟ್ಟೆಗಳಿಂದ ಬಂದದ್ದು ಅದು. ತ್ಸುಗಾರುವಿನ ಕೊಗಿನ್, ನಾನ್ಬುವಿನ ಹಿಶಿಝಾಶಿ, ಯಾಮಾಗಾತಾದ ಶೋನಾಯ್ ಸಾಶಿಕೋ, ಈ ಮೂರು ಶೈಲಿಗಳೂ ಆ ಸೀಮೆಯವೇ. ಬಣ್ಣ ಅಲ್ಲಿಯೂ ಪೂರ್ತಿ ಹೊಸತಲ್ಲ: ನಾನ್ಬು ಹೆಂಗಸರ ಏಪ್ರನ್‌ಗಳ ಮೇಲೆ ಹಿಂದೆಯೇ ಬಣ್ಣಬಣ್ಣದ ಉಣ್ಣೆ ನೂಲು ಬಂದಿತ್ತು. ಈಗ ಕೋಸ್ಟರ್, ಪೌಚ್, ‘ಹಾನಾ ಫುಕಿನ್’ ಎಂಬ ಅಡುಗೆಮನೆ ಬಟ್ಟೆಗಳಲ್ಲಿ ಬಣ್ಣವೇ ಮುಂದಿದೆ.

ಬಿಳಿ ನೂಲಿನಲ್ಲಿ ಹೊಲಿಯುವಾಗ ನೂಲು ಯಾವ ದಾರಿಯಲ್ಲಿ ಓಡಿತು ಎನ್ನುವುದು ಹೊಲಿದವರಿಗಷ್ಟೇ ಗೊತ್ತು. ಬಣ್ಣ ಬಂದ ಕೂಡಲೇ ಆ ದಾರಿ ನೋಡಿದವರಿಗೆಲ್ಲ ಕಾಣುತ್ತದೆ. ಅದಕ್ಕೇ ಈ ಕೆಲಸದಲ್ಲಿ ಮೊದಲು ದಾರಿ ಗೊತ್ತುಮಾಡಿ, ಬಣ್ಣವನ್ನು ಆಮೇಲೆ ಆರಿಸಿ.

ಸಾಮಾನು

ಬಟ್ಟೆ: ಜಪಾನಿನಲ್ಲಿ ಬಳಸುವುದು ‘ಸರಾಶಿ’, ಸಡಿಲ ನೇಯ್ಗೆಯ ಬಿಳುಪು ಹತ್ತಿ, ಸುಮಾರು 34 ಸೆಂ.ಮೀ. ಪನ್ನದ್ದು. ಇಲ್ಲಿ ಅದರ ಜಾಗಕ್ಕೆ ಎರಡು ಪದರ ಮಲ್ ಅಥವಾ ಒಂದು ಪದರ ತೆಳು ಖಾದಿ ಸರಿಹೋಗುತ್ತದೆ. ಮ್ಯಾಚಿಂಗ್ ಸೆಂಟರಿನ ಪಾಪ್ಲಿನ್, ರುಬಿಯಾ ಬ್ಲೌಸ್ ಪೀಸ್ ಬೇಡ. ಅವುಗಳ ನೇಯ್ಗೆ ಒತ್ತು. ದಪ್ಪ ನೂಲನ್ನು ಎಳೆದೆಳೆದು ತರಬೇಕಾಗುತ್ತದೆ, ಪ್ರತಿ ತೂತಿನ ಸುತ್ತ ಬಟ್ಟೆ ಸುಕ್ಕಾಗುತ್ತದೆ. ತೆಗೆದುಕೊಂಡ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಗಂಜಿ ಬಿಡಿಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗಿ, ನೂಲು ಕುಗ್ಗದೆ, ಹೊಲಿಗೆಗಳು ಸಡಿಲವಾಗಿ ಎದ್ದು ನಿಲ್ಲುತ್ತವೆ.

ನೂಲು: ಒಲಿಂಪಸ್ ಕಂಪನಿಯ ಸಾಶಿಕೋ ನೂಲು 20 ಮೀಟರಿನ ಲಡಿಯಾಗಿ ಬರುತ್ತದೆ, ಕಾಸ್ಮೋದ ‘ಹಿದಮರಿ’ 30 ಮೀಟರಿನ ಕಾರ್ಡಾಗಿ. ಎರಡಕ್ಕೂ ಹೊಳಪು ಕಡಿಮೆ. ತರಿಸುವುದು ದುಬಾರಿ ಅನ್ನಿಸಿದರೆ ಆಂಕರ್ ಅಥವಾ ಡಿಎಂಸಿ ಪರ್ಲ್ ಕಾಟನ್ 8 ನಂಬರಿನ ಉಂಡೆ ಸಾಕು. ಸ್ವಲ್ಪ ಹೊಳೆಯುತ್ತದೆ, ಕೆಲಸಕ್ಕೆ ಅಡ್ಡಿಯಿಲ್ಲ. ಆರೆಳೆಯ ಮಾಮೂಲಿ ಎಂಬ್ರಾಯ್ಡರಿ ದಾರ ಮಾತ್ರ ಕೊನೆಯ ಆಯ್ಕೆ: ಎಳೆಗಳು ಬಿಟ್ಟುಕೊಂಡು ಹೊಲಿಗೆ ಚಪ್ಪಟೆಯಾಗುತ್ತದೆ. ಸಾಶಿಕೋ ಹೊಲಿಗೆ ಅಕ್ಕಿಕಾಳಿನಂತೆ ಉಬ್ಬಿ ನಿಂತರೇ ಚೆಂದ.

ಸೂಜಿ: ಸಾಶಿಕೋ ಸೂಜಿ ಉದ್ದ, ಗಟ್ಟಿ, ಮೊನೆ ಚೂಪು, ಕಣ್ಣು ದೊಡ್ಡದು. ಸಿಗದಿದ್ದರೆ 3ರಿಂದ 5 ನಂಬರಿನ ಎಂಬ್ರಾಯ್ಡರಿ ಸೂಜಿ. ಮೊಂಡು ಮೊನೆಯ ಕ್ರಾಸ್‌ಸ್ಟಿಚ್ ಸೂಜಿ ಆಗದು; ಚುಕ್ಕಿಯ ಮೇಲೆ ಚುಚ್ಚಲು ಹೋದರೆ ಪಕ್ಕದ ಎಳೆಗಳ ಸಂದಿಗೆ ಜಾರುತ್ತದೆ.

ಇವುಗಳ ಜೊತೆಗೆ ನೀರಿಗೆ ಹೋಗುವ ನೀಲಿ ಮಾರ್ಕರ್, ಸ್ಟೀಲ್ ಸ್ಕೇಲು, ಕತ್ತರಿ. ಪೌಚಿಗೆ 20 ಸೆಂ.ಮೀ. ನೈಲಾನ್ ಜಿಪ್ ಮತ್ತು ಒಳಬಟ್ಟೆ.

ಬಣ್ಣ ಬಿಡುತ್ತದೆಯೇ?

ಕೆಂಪು, ಕಡುನೀಲಿ, ಮೆಜೆಂತಾ ನೂಲುಗಳನ್ನು ಪರೀಕ್ಷೆ ಮಾಡದೆ ಬಿಳಿ ಬಟ್ಟೆಗೆ ಹಾಕಬೇಡಿ. ಪ್ರತಿ ನೂಲಿನ 10 ಸೆಂ.ಮೀ. ತುಂಡು ಒದ್ದೆ ಮಾಡಿ, ಬಿಳಿ ಬಟ್ಟೆಯ ಮಡಿಕೆಯೊಳಗಿಟ್ಟು ಬಿಸಿ ಇಸ್ತ್ರಿಯಿಂದ ಒತ್ತಿ. ಬಟ್ಟೆಗೆ ಕಲೆ ಹತ್ತಿದರೆ ಆ ನೂಲನ್ನು ಬೆಚ್ಚಗಿನ ನೀರಲ್ಲಿ ಬಣ್ಣ ನಿಲ್ಲುವವರೆಗೆ ಜಾಲಿಸಿ ಒಣಗಿಸಿ, ಮತ್ತೆ ಪರೀಕ್ಷಿಸಿ. ಎರಡನೇ ಸಲವೂ ಬಿಟ್ಟರೆ ಅದನ್ನು ಕಡುಬಣ್ಣದ ಬಟ್ಟೆಗೆ ಎತ್ತಿಡಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವ ಮಾತನ್ನು ನಂಬಿ ಕೆಲಸ ಶುರು ಮಾಡಬೇಡಿ.

ಚುಕ್ಕಿ ಇಡುವುದು

ಬಟ್ಟೆ 16 × 16 ಸೆಂ.ಮೀ. ಕತ್ತರಿಸಿ. ಕೊನೆಗೆ ಬೇಕಿರುವುದು 12 × 12, ಉಳಿದದ್ದು ಕೈಯಲ್ಲಿ ಹಿಡಿಯಲು. ಮಲ್ ಆದರೆ ಎರಡು ಪದರ ಸೇರಿಸಿ ಅಂಚಿಗೆ ಕಚ್ಚಾ ಹೊಲಿಗೆ ಹಾಕಿ.

ನಡುವೆ 18 ಚುಕ್ಕಿ, 18 ಸಾಲು, ರಂಗೋಲಿಗೆ ಇಡುವ ಹಾಗೆ ನೇರ ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ 5 ಮಿ.ಮೀ. ಚೌಕ 8.5 ಸೆಂ.ಮೀ. ಆಗುತ್ತದೆ. ಒಂದು ಸಾಲು ಅಳೆದು, ಅದರಿಂದ ಮುಂದಿನದು, ಅದರಿಂದ ಅದರ ಮುಂದಿನದು ಎಂದು ಹೋದರೆ ಅರ್ಧ ಅರ್ಧ ಮಿ.ಮೀ. ತಪ್ಪು ಸೇರಿ ಕೊನೆಗೆ ಚೌಕ ವಾಲುತ್ತದೆ. ನಾಲ್ಕೂ ಅಂಚಿಗೆ ಮೊದಲು ಗುರುತು ಹಾಕಿ, ಎದುರುಬದುರು ಗುರುತುಗಳ ನಡುವೆ ಸ್ಕೇಲಿಟ್ಟು ಗೆರೆ ಎಳೆಯಿರಿ. ಬಟ್ಟೆಯ ಎಳೆಗೆ ಗೆರೆ ಸಮನಾಗಿರಲಿ. ಓರೆಯಾದರೆ ಹೊಲಿದ ಮೇಲೆ ಯಾವ ಇಸ್ತ್ರಿಯೂ ಅದನ್ನು ನೆಟ್ಟಗೆ ಮಾಡುವುದಿಲ್ಲ.

ನೀಲಿ ಮಾರ್ಕರಿನ ಗೆರೆ ಇರುವವರೆಗೆ ಇಸ್ತ್ರಿ ಮುಟ್ಟಿಸಬೇಡಿ. ಶಾಖಕ್ಕೆ ಗೆರೆ ನಿಂತುಬಿಡುತ್ತದೆ. ಶಾಖಕ್ಕೆ ಮಾಯವಾಗುವ ಪೆನ್ನುಗಳದ್ದು ತಿರುಗುಮುರುಗು: ಇಸ್ತ್ರಿಗೆ ಹೋಗುತ್ತವೆ, ಆದರೆ ತೀರಾ ಚಳಿಯಲ್ಲಿ ಗೆರೆ ಮರಳಿ ಬರಬಹುದು, ಕಡುಬಣ್ಣದ ಬಟ್ಟೆಯಲ್ಲಿ ಬಿಳಿಚಿದ ಗುರುತು ಉಳಿಯಬಹುದು. ಡೆನ್ವರಿನಲ್ಲೋ ಟೊರೊಂಟೋದಲ್ಲೋ ಇರುವವರಿಗೆ ಉಡುಗೊರೆ ಕಳಿಸುವುದಾದರೆ ಇದು ನೆನಪಿರಲಿ.

ಮಾದರಿಯ ಲೆಕ್ಕ

ಇದು ‘ಹಿತೊಮೆಝಾಶಿ’ ಜಾತಿಯ ಮಾದರಿ: ಒಂದು ಮನೆ (ಎರಡು ಚುಕ್ಕಿಗಳ ನಡುವಿನ ಜಾಗ) ಹೊಲಿಗೆ, ಒಂದು ಮನೆ ಖಾಲಿ. ಪ್ರತಿ ಸಾಲೂ ನೆಟ್ಟಗೇ ಓಡುತ್ತದೆ. ಸಾಲು ಹೊಲಿಗೆಯಿಂದ ಶುರುವಾಗುತ್ತದೋ ಖಾಲಿಯಿಂದಲೋ, ಅಷ್ಟರ ಮೇಲೆ ಇಡೀ ಚಿತ್ತಾರ ನಿಂತಿದೆ.

ಹೊಲಿಗೆಯಿಂದ ಶುರುವಾಗುವ ಸಾಲನ್ನು ‘ಅ’ ಅನ್ನೋಣ. 1ನೇ ಚುಕ್ಕಿಯಲ್ಲಿ ಮೇಲೆ, 2ರಲ್ಲಿ ಕೆಳಗೆ, 3ರಲ್ಲಿ ಮೇಲೆ, ಹೀಗೆ 18ರಲ್ಲಿ ಕೆಳಗೆ. ಒಟ್ಟು 9 ಹೊಲಿಗೆ. ಖಾಲಿಯಿಂದ ಶುರುವಾಗುವುದು ‘ಆ’. 2ರಲ್ಲಿ ಮೇಲೆ, 3ರಲ್ಲಿ ಕೆಳಗೆ, ಕೊನೆಗೆ 17ರಲ್ಲಿ ಕೆಳಗೆ. ಒಟ್ಟು 8 ಹೊಲಿಗೆ. ಕಾಕಿ ನೊ ಹಾನಾಕ್ಕೆ ಬೇಕಾದ ಕ್ರಮ: ಅ ಆ ಅ, ಅ ಆ ಅ, ಹೀಗೆ ಆರು ಸಲ. ಅಂದರೆ 2, 5, 8, 11, 14, 17ನೇ ಸಾಲುಗಳು ಮಾತ್ರ ‘ಆ’. ಮೊದಲು ಲಂಬದ 18 ಸಾಲು ಇದೇ ಕ್ರಮದಲ್ಲಿ, ಆಮೇಲೆ ಅಡ್ಡದ 18 ಸಾಲು ಇದೇ ಕ್ರಮದಲ್ಲಿ. ಒಂದು ದಿಕ್ಕಿಗೆ 156 ಹೊಲಿಗೆ, ಎರಡೂ ಸೇರಿ 312.

ಲಂಬ ಮುಗಿದಾಗ ಹೂವಿನ ಸುಳಿವೇ ಇರುವುದಿಲ್ಲ, ಬರೀ ಮಳೆ ಹನಿಸಿದಂತೆ ಗೀಟುಗಳು. ಅಡ್ಡ ಸಾಲು ಆರು ಮುಗಿದ ಮೇಲೆ ಮೊದಲ ಮೂರು ಹೂವು ಒಟ್ಟಿಗೆ ಮೂಡುತ್ತವೆ. ಎಲ್ಲ ಸರಿಯಾಗಿದ್ದರೆ ಕೊನೆಗೆ 9 ಹೂವು, ಪ್ರತಿ ಹೂವಿನ ಹೊಟ್ಟೆಯಲ್ಲಿ ಒಂದು ಪುಟ್ಟ ಚೌಕ, ನಾಲ್ಕು ಹೂವು ಸೇರುವ ಕಡೆ ಒಂದೊಂದು ಕೂಡುವ ಚಿಹ್ನೆ, ಅಂಥವು ನಾಲ್ಕು. ಚೌಕ ಬರಬೇಕಾದ ಕಡೆ ಮೆಟ್ಟಿಲು ಕಂಡರೆ ‘ಅ ಅ’ ಜೋಡಿ ಬರಬೇಕಾದಲ್ಲಿ ‘ಅ ಆ’ ಹಾಕಿದ್ದೀರಿ ಎಂದರ್ಥ. ಬಹುಪಾಲು ಎಡವುವುದು 3 ಮತ್ತು 4ನೇ ಸಾಲಿನಲ್ಲೇ. ಹಿಂದಿನ ಸಾಲಿಗೆ ಉಲ್ಟಾ ಹಾಕುವ ಅಭ್ಯಾಸಕ್ಕೆ ಬಿದ್ದ ಕೈ 4ರಲ್ಲೂ ಉಲ್ಟಾ ಹಾಕಿಬಿಡುತ್ತದೆ.

ಧಾರವಾಡದ ಕಸೂತಿ ಬಲ್ಲವರ ಕೈ ಇಲ್ಲಿ ಇನ್ನೊಂದು ತಂಟೆ ಮಾಡುತ್ತದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ಮರಳಿ ಬಂದು ಖಾಲಿ ಮನೆ ತುಂಬುತ್ತೇವೆ. ಇಲ್ಲಿ ಖಾಲಿ ಖಾಲಿಯಾಗಿಯೇ ಉಳಿಯಬೇಕು, ತುಂಬಿದರೆ ಬರೀ ಚೌಕುಳಿ. ಎಣಿಸಿ ಹೊಲಿಯುವ ಶಿಸ್ತು, ಗಂಟಿಲ್ಲದ ಹಿಂಬದಿ, ಇವೆರಡು ಮಾತ್ರ ನೇರವಾಗಿ ಕೈಹಿಡಿಯುತ್ತವೆ.

ಬಣ್ಣ ಹಂಚುವುದು

ಹೂವಿನ ಅಂಚನ್ನು ಹತ್ತಿರದಿಂದ ನೋಡಿ. ಒಂದು ಲಂಬ ಹೊಲಿಗೆ, ಒಂದು ಅಡ್ಡ ಹೊಲಿಗೆ, ಮತ್ತೆ ಲಂಬ, ಮತ್ತೆ ಅಡ್ಡ. ಪ್ರತಿ ಚುಕ್ಕಿಯಲ್ಲೂ ತಿರುವು. ಆದ್ದರಿಂದ ಲಂಬಕ್ಕೆ ಒಂದು ಬಣ್ಣ, ಅಡ್ಡಕ್ಕೆ ಇನ್ನೊಂದು ಎಂದು ಹಂಚಿದರೆ ಯಾವ ಹೂವೂ ಒಂದೇ ಬಣ್ಣದ್ದಾಗುವುದಿಲ್ಲ, ಎರಡೂ ಹೆಣೆದುಕೊಳ್ಳುತ್ತವೆ. ಎರಡು ಬಣ್ಣದ ಗಾಢತೆ ಹತ್ತಿರ ಇದ್ದರೆ (ಇಟ್ಟಿಗೆ ಕೆಂಪು ಮತ್ತು ಎಲೆ ಹಸಿರು) ಕಣ್ಣು ಹೂವನ್ನು ಹಿಡಿಯುತ್ತದೆ. ಒಂದು ತಿಳಿ, ಒಂದು ಗಾಢ (ಲಿಂಬೆ ಹಳದಿ ಮತ್ತು ಕಡುನೀಲಿ) ಆದರೆ ಹೂವು ಒಡೆದು ನೀಲಿ ಪಟ್ಟೆಗಳಷ್ಟೇ ಕಾಣುತ್ತವೆ. ಬಿಳಿ ಬಟ್ಟೆಯ ಮೇಲೆ ಲಿಂಬೆ ಹಳದಿ ಹೇಗೂ ಮಂಕು. ಆರಿಸಿದ ನೂಲುಗಳನ್ನು ಬಟ್ಟೆಯ ಮೇಲೆ ಹಾಸಿ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಎಲ್ಲವೂ ಬಟ್ಟೆಯಿಂದ ಬೇರೆಯಾಗಿ, ತಮ್ಮ ತಮ್ಮಲ್ಲಿ ಹೆಚ್ಚುಕಡಿಮೆ ಒಂದೇ ಬೂದು ಬಂದರೆ ಆ ಜೋಡಿ ನಡೆಯುತ್ತದೆ.

ಈ ಕೋಸ್ಟರಿಗೆ ಹಂಚಿದ್ದು ಹೀಗೆ: ಲಂಬದಲ್ಲಿ 1ರಿಂದ 6 ಇಟ್ಟಿಗೆ ಕೆಂಪು, 7ರಿಂದ 12 ಸಾಸಿವೆ ಹಳದಿ, 13ರಿಂದ 18 ನವಿಲು ನೀಲಿ. ಅಡ್ಡದಲ್ಲೂ ಅದೇ ಬಣ್ಣ, ಅದೇ ಕ್ರಮ. ಒಂದು ಹೂವು ಸರಿಯಾಗಿ 6 ಸಾಲಿನಲ್ಲಿ ಮುಗಿಯುವುದರಿಂದ ಬಣ್ಣದ ಗಡಿ ಎರಡು ಹೂಗಳ ನಡುವೆಯೇ ಬೀಳುತ್ತದೆ. ಮೂಲೆಯಿಂದ ಮೂಲೆಗೆ ಹೋಗುವ ಮೂರು ಹೂವು ಶುದ್ಧ ಬಣ್ಣದವು, ಉಳಿದ ಆರು ಮಿಶ್ರ. ನಾಲ್ಕು ಸಾಲಿಗೋ ಐದು ಸಾಲಿಗೋ ಬಣ್ಣ ಬದಲಿಸಿದರೆ ಹೂವಿನ ಮಧ್ಯೆ ಗಡಿ ಬಿದ್ದು, ನೂಲು ಸಾಲದೆ ಬದಲಿಸಿದ ಹಾಗೆ ಕಾಣುತ್ತದೆ.

ನೂಲಿನ ಅಳತೆಯೂ ಇದರಿಂದಲೇ ಬರುತ್ತದೆ. ಒಂದು ಸಾಲಿಗೆ ತಿರುವು ಸೇರಿ 9 ಸೆಂ.ಮೀ., ಆರು ಸಾಲಿಗೆ 54, ತುದಿಗಳು ಮತ್ತು ಸಡಿಲ ಸೇರಿ 70 ಸೆಂ.ಮೀ. ಒಂದು ಗುಂಪಿಗೆ ಒಂದೇ ತುಂಡು, ನಡುವೆ ಜೋಡಣೆ ಇಲ್ಲ. ಪ್ರತಿ ಬಣ್ಣದ್ದು ಎರಡು ತುಂಡು, ಅಂದರೆ ಕೋಸ್ಟರಿಗೆ 1.4 ಮೀಟರ್. 20 ಮೀಟರಿನ ಮೂರು ಲಡಿಯಲ್ಲಿ 14 ಕೋಸ್ಟರ್ ಆಗುತ್ತವೆ.

ಒಂದೇ ಲಡಿಯಲ್ಲಿ ಬಣ್ಣ ಬದಲಾಗುವ ನೂಲು ಈ ಮಾದರಿಗೆ ಹೊಂದುವುದಿಲ್ಲ. ಸಾಲು ಚಿಕ್ಕದು, ಪಕ್ಕಪಕ್ಕದ ಸಾಲಿನಲ್ಲಿ ಒಂದೇ ಛಾಯೆ ಗುಂಪುಗಟ್ಟಿ ಕಲೆ ಬಿದ್ದಂತಾಗುತ್ತದೆ. ಅದು ಉದ್ದ ಗೆರೆಯ ಕೆಲಸಕ್ಕೆ ಇರಲಿ.

ಹೊಲಿಯುವುದು

ಗಂಟು ಹಾಕಬೇಡಿ. ಲೋಟ ಇಡುವ ವಸ್ತುವಿನಲ್ಲಿ ಗಂಟು ಸಣ್ಣ ಕಲ್ಲಿನಂತೆ ಒತ್ತುತ್ತದೆ. ಎರಡು ಪದರದ ಬಟ್ಟೆಯಾದರೆ ಮೊದಲ ಚುಕ್ಕಿಯಿಂದ 3 ಸೆಂ.ಮೀ. ದೂರದಲ್ಲಿ ಹಿಂಬದಿಯ ಪದರಕ್ಕೆ ಸೂಜಿ ಚುಚ್ಚಿ, ಪದರಗಳ ನಡುವೆ ನುಸುಳಿಸಿ, 1ನೇ ಚುಕ್ಕಿಯಲ್ಲಿ ಮೇಲೆ ಬನ್ನಿ. ಒಂದೇ ಪದರವಾದರೆ 6 ಸೆಂ.ಮೀ. ಬಾಲ ಬಿಟ್ಟು, ಕೊನೆಗೆ ಅದನ್ನು ಹಿಂಬದಿಯ ಮೂರು ಹೊಲಿಗೆಯಡಿ ಹಾಯಿಸಿ ಕತ್ತರಿಸಿ. ಬಾಲವನ್ನು ಅದೇ ಬಣ್ಣದ ಹೊಲಿಗೆಯಡಿಯೇ ಹಾಯಿಸಬೇಕು, ತೆಳು ಬಟ್ಟೆಯಲ್ಲಿ ಬೇರೆ ಬಣ್ಣ ಮುಂದಕ್ಕೆ ನೆರಳಾಗಿ ಕಾಣುತ್ತದೆ.

ಸೂಜಿಯನ್ನು ಹಿಡಿದು ಬಟ್ಟೆಯನ್ನು ಮೇಲೆ ಕೆಳಗೆ ಆಡಿಸಿ ಐದಾರು ಹೊಲಿಗೆ ಒಟ್ಟಿಗೆ ಏರಿಸುವುದು ಜಪಾನಿನ ಪದ್ಧತಿ, ‘ಉನ್‌ಶಿನ್’ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿದವರಿಗೆ ಇದು ಹೇಳಿಕೊಡಬೇಕಾದ್ದಲ್ಲ. ಆದರೆ 5 ಮಿ.ಮೀ. ಚುಕ್ಕಿಗೆ ಸರಿಯಾಗಿ ಬೀಳಬೇಕಾದ ಈ ಕೆಲಸದಲ್ಲಿ ಎರಡು ಮೂರು ಹೊಲಿಗೆ ಏರಿಸಿ ಎಳೆಯುವುದು ಮೇಲು. ಎಂಬ್ರಾಯ್ಡರಿ ರಿಂಗ್ ಬೇಡವೇ ಬೇಡ. ಬಿಗಿದ ಬಟ್ಟೆಯಲ್ಲಿ ಈ ಓಟ ಸಾಧ್ಯವಿಲ್ಲ.

ಸಾಲು ಮುಗಿದ ಕೂಡಲೇ ಒಂದು ಕೆಲಸ ತಪ್ಪಿಸಬೇಡಿ. ಸಾಲಿನ ಆರಂಭವನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆ ಇಟ್ಟು ಕೊನೆಯವರೆಗೆ ಜಾರಿಸಿ. ನೂಲು ಸಮನಾಗಿ ಹರಡಿ, ಸುಕ್ಕು ಬಿಡುತ್ತದೆ. ‘ಇತೊಕೋಕಿ’ ಎಂದರೆ ಇದೇ. ಇದನ್ನು ಬಿಟ್ಟವರ ಕೋಸ್ಟರ್ ಹಪ್ಪಳದ ಹಾಗೆ ಅಲೆಅಲೆಯಾಗುತ್ತದೆ. ಲಂಬ ಮುಗಿದ ಮೇಲೆ ಸರಿಮಾಡೋಣ ಎಂದರೆ ಆಗದು, ಅಷ್ಟರಲ್ಲಿ ತಿರುವುಗಳು ಬಿಗಿದಿರುತ್ತವೆ.

ತಿರುವಿನಲ್ಲಿ ಹಿಂಬದಿ ಸಣ್ಣ ಕುಣಿಕೆ ಉಳಿಯುವಷ್ಟು ಸಡಿಲ ಬಿಡಿ, 2ರಿಂದ 3 ಮಿ.ಮೀ. ಸಾಕು. ‘ಅ’ದಿಂದ ‘ಅ’ಕ್ಕೆ ಹಿಂಬದಿಯ ಜಿಗಿತ 5 ಮಿ.ಮೀ., ‘ಅ’ದಿಂದ ‘ಆ’ಕ್ಕೆ ಓರೆಯಾಗಿ 7. ಎರಡೂ ಚಿಕ್ಕವು, ನೂಲು ಕತ್ತರಿಸುವ ಪ್ರಮೇಯವಿಲ್ಲ.

ಅಡ್ಡ ಸಾಲು ಹಾಕುವಾಗ ಒಂದೇ ಚುಕ್ಕಿಯಲ್ಲಿ ಎರಡು ನೂಲು ಸೇರುತ್ತವೆ. ಇರುವ ನೂಲನ್ನು ಸೀಳಿಕೊಂಡು ಸೂಜಿ ಹೋದರೆ ಕೆಂಪಿನೊಳಗೆ ನೀಲಿ ಎಳೆ ಸಿಕ್ಕಿ ಮೂಲೆ ಕೊಳಕಾಗುತ್ತದೆ, ಬಿಚ್ಚಲು ಹೋದರೆ ಎರಡೂ ಹಾಳು. ಚುಕ್ಕಿಯ ಪಕ್ಕದಲ್ಲಿ, ಒಂದು ಎಳೆಯಷ್ಟು ಒಳಗೆ ಚುಚ್ಚಿ. ಮೂಲೆ ಮುಟ್ಟಿದಂತೆಯೇ ಕಾಣುತ್ತದೆ.

ಕೋಸ್ಟರ್ ಕಟ್ಟುವುದು

ಮೊದಲು ಬರೀ ತಣ್ಣೀರಲ್ಲಿ ನೆನೆಸಿ ನೀಲಿ ಗೆರೆ ಪೂರ್ತಿ ಹೋಗಿದೆಯೇ ನೋಡಿ, ಆಮೇಲೆ ಸೋಪು. ಟವೆಲಿನ ಮೇಲೆ ಮುಖ ಕೆಳಗೆ ಮಾಡಿ ಹಿಂಬದಿಯಿಂದ ಇಸ್ತ್ರಿ ಮಾಡಿ. ಮುಂಬದಿಗೆ ಒತ್ತಿದರೆ ಉಬ್ಬಿದ ಹೊಲಿಗೆ ಚಪ್ಪಟೆಯಾಗುತ್ತದೆ. 8.5 ಸೆಂ.ಮೀ. ಇದ್ದ ಚೌಕ 2ರಿಂದ 4 ಮಿ.ಮೀ. ಕುಗ್ಗಿರುವುದು ಸಹಜ. ಅದಕ್ಕಾಗಿಯೇ ಈಗ ಕತ್ತರಿಸುವುದು: ಚೌಕದ ಹೊರ ಅಂಚಿನಿಂದ ನಾಲ್ಕೂ ಕಡೆ ಸಮ ಜಾಗ ಬಿಟ್ಟು 12 × 12.

ಹಿಂದಿನ ಬಟ್ಟೆಯೂ 12 × 12. ಮುಖಕ್ಕೆ ಮುಖ ಕೂಡಿಸಿ, ಬೇಕಿದ್ದರೆ ಕೆಳಗೊಂದು ಹಳೆ ಫ್ಲಾನೆಲ್ ತುಂಡು ಇಟ್ಟು, 1 ಸೆಂ.ಮೀ. ಒಳಗೆ ಹೊಲಿಯಿರಿ. ಒಂದು ಬದಿಯಲ್ಲಿ 4 ಸೆಂ.ಮೀ. ಬಾಯಿ ಬಿಡಿ. ನಾಲ್ಕು ಮೂಲೆ ಓರೆಯಾಗಿ ಕತ್ತರಿಸಿ ತಿರುಗಿಸಿ, ಬಾಯಿ ಕೈಹೊಲಿಗೆಯಿಂದ ಮುಚ್ಚಿ. ದಪ್ಪ ಸ್ಪಂಜು ತುಂಬಬೇಡಿ, ಲೋಟ ವಾಲುತ್ತದೆ.

ಪೌಚ್

ಮುಂದೆ, ಹಿಂದೆ ಎರಡು ತುಂಡು. ಹೊಲಿಯಲು 24 × 18 ತೆಗೆದುಕೊಂಡು, ಹೊಲಿದು ಒಗೆದ ಮೇಲೆ 20 × 14ಕ್ಕೆ ಕತ್ತರಿಸಿ. ಚಿತ್ತಾರದ ಜಾಗ 16 × 8 ಸೆಂ.ಮೀ. ಅದರಲ್ಲಿ 2 ಸೆಂ.ಮೀ. ಚೌಕುಳಿ ಎಳೆಯಿರಿ. ರಟ್ಟಿನಲ್ಲಿ 4 ಸೆಂ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿ, ಅಂಚಿನಲ್ಲಿ ನಾಲ್ಕು ಕಾಲುಭಾಗದ ಗುರುತು ಹಾಕಿ, ಒಂದು ಬಿಟ್ಟು ಒಂದು ಗೆರೆಕೂಟದ ಮೇಲೆ ಕೇಂದ್ರ ಬರುವಂತೆ ಇಟ್ಟು ಸುತ್ತು ಬರೆಯಿರಿ. ಮುಂದಿನ ಸಾಲಿನಲ್ಲಿ ಕೇಂದ್ರ ಒಂದು ಮನೆ ಸರಿಯುತ್ತದೆ. ಮೂಲೆಯಲ್ಲಿ ಕಾಲು ಸುತ್ತು, ಅಂಚಿನಲ್ಲಿ ಅರ್ಧ ಸುತ್ತು ಬರುತ್ತವೆ.

ಸುತ್ತನ್ನು ಸುತ್ತಾಗಿ ಹೊಲಿಯಬೇಡಿ. ಅಲೆಯಾಗಿ ಹೊಲಿಯಿರಿ: ಒಂದು ಸುತ್ತಿನ ಮೇಲರ್ಧ, ಪಕ್ಕದ ಸುತ್ತಿನ ಕೆಳಗರ್ಧ, ಹೀಗೆ ಎಡದಿಂದ ಬಲಕ್ಕೆ 16 ಸೆಂ.ಮೀ. ಉದ್ದಕ್ಕೂ ಒಂದೇ ಓಟ. ಒಳಗಿನ ಮೂರು ಸಾಲಿಗೆ ಎರಡೆರಡು ಅಲೆ, ಮೇಲಂಚು ಕೆಳಂಚಿಗೆ ಒಂದೊಂದು, ಒಟ್ಟು 8 ಓಟ. ಒಂದೊಂದೂ ಅಳತೆಯಲ್ಲಿ ಸುಮಾರು 25 ಸೆಂ.ಮೀ. ಒಂದೇ ಸಾಲಿನ ಎರಡು ಅಲೆಗೆ ಎರಡು ಬಣ್ಣ ಕೊಟ್ಟರೆ ಪ್ರತಿ ಸುತ್ತೂ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು, ಪಕ್ಕದ್ದರಲ್ಲಿ ಅದಲುಬದಲು. ಬಣ್ಣ ಬದಲಾಗುವ ನೂಲು ಚೆನ್ನಾಗಿ ಕಾಣುವುದು ಇಲ್ಲಿ. ಎರಡು ಓಟಕ್ಕೆ ಒಂದು 70 ಸೆಂ.ಮೀ. ತುಂಡು. ಮುಂದಿನ ಓಟದ ಆರಂಭ 2 ಸೆಂ.ಮೀ.ಗಿಂತ ದೂರವಿದ್ದರೆ ನೂಲು ಎಳೆದುಕೊಂಡು ಹೋಗದೆ ಕತ್ತರಿಸಿ. ಪೌಚಿನೊಳಗೆ ಕೈ ಹಾಕಿದಾಗ ಬೆರಳಿಗೆ ಸಿಗುವುದು ಇಂಥ ನೂಲೇ.

ಇಲ್ಲಿ ಹೊಲಿಗೆ ಮುಂದೆ 3 ಮಿ.ಮೀ., ಹಿಂದೆ 2. ಕಾಲು ಸುತ್ತಿಗೆ 6 ಹೊಲಿಗೆ ಸರಿಯಾಗಿ ಕೂರುತ್ತವೆ; ಎಲ್ಲ ಕಾಲು ಸುತ್ತಿಗೂ ಅದೇ ಎಣಿಕೆ ಇರಲಿ. ನಾಲ್ಕು ಸುತ್ತು ಕೂಡುವ ಬಿಂದುವಿನ ಮೇಲೆ ಹೊಲಿಗೆ ಬೀಳಬಾರದು. ಬಿಂದುವಿಗೆ 1 ಮಿ.ಮೀ. ಮುಂಚೆ ಕೆಳಗೆ ಹೋಗಿ, ದಾಟಿದ ಮೇಲೆ 1 ಮಿ.ಮೀ. ಬಿಟ್ಟು ಮೇಲೆ ಬನ್ನಿ. ನಾಲ್ಕು ಎಲೆಯ ನಡುವೆ ಖಾಲಿ ಚುಕ್ಕಿ ಉಳಿಯುತ್ತದೆ. ಬಿಂದುವಿನ ಮೇಲೆ ಎರಡು ಬಣ್ಣದ ನೂಲು ಅಡ್ಡ ಹಾಯ್ದರೆ ಅಲ್ಲೊಂದು ಗಂಟು ಕಟ್ಟಿದಂತೆ ಕಾಣುತ್ತದೆ, ಬಳಕೆಯಲ್ಲಿ ಮೊದಲು ಸವೆಯುವುದೂ ಅದೇ ಜಾಗ. ತಿರುವು ಗೋಲಾಗಿರುವುದರಿಂದ ನೂಲು ಸ್ವಲ್ಪ ಬಿಗಿದರೂ ಬಟ್ಟೆ ಬುಟ್ಟಿಯಂತೆ ಉಬ್ಬುತ್ತದೆ. ಪ್ರತಿ ಅರ್ಧ ಸುತ್ತಿಗೂ ಬೆರಳಿನಲ್ಲಿ ಸವರಿ.

ಜಿಪ್ ಹಾಕುವುದು ಮಾಮೂಲಿ ಕ್ರಮ. ಕಸೂತಿ ತುಂಡಿನ ಮೇಲಂಚಿಗೆ ಜಿಪ್ ಮುಖ ಕೆಳಗಾಗಿ, ಅದರ ಮೇಲೆ ಒಳಬಟ್ಟೆ ಮುಖ ಕೆಳಗಾಗಿ, ಮೂರೂ ಸೇರಿಸಿ 7 ಮಿ.ಮೀ. ಒಳಗೆ ಹೊಲಿಗೆ. ಇನ್ನೊಂದು ಬದಿಗೂ ಹಾಗೇ. ಮುಂದೆ ಹೋಗುವ ಮೊದಲು ಜಿಪ್ಪನ್ನು ಅರ್ಧ ತೆರೆದಿಡಿ, ಮರೆತರೆ ತಿರುಗಿಸಲು ದಾರಿಯೇ ಇರುವುದಿಲ್ಲ. ಹೊರ ತುಂಡಿಗೆ ಹೊರ ತುಂಡು, ಒಳಬಟ್ಟೆಗೆ ಒಳಬಟ್ಟೆ ಕೂಡಿಸಿ ಸುತ್ತ 1 ಸೆಂ.ಮೀ. ಹೊಲಿಗೆ, ಒಳಬಟ್ಟೆಯ ತಳದಲ್ಲಿ 7 ಸೆಂ.ಮೀ. ಬಾಯಿ. ಎರಡು ಬದಿಯಲ್ಲಿ ಜಿಪ್ಪಿನ ಅಂಚುಪಟ್ಟಿ ಒಳಬಟ್ಟೆಯ ಕಡೆಗೆ ಮಡಚಿರಲಿ, ಹೊರಕ್ಕೆ ಮಡಚಿದರೆ ತಿರುಗಿಸಿದಾಗ ಮೂಲೆಗಳು ಒಳಕ್ಕೆ ಕುಸಿದಿರುತ್ತವೆ. ನೈಲಾನ್ ಜಿಪ್ಪಿನ ಹಲ್ಲಿನ ಮೇಲೆ ಮಿಷಿನ್ ನಿಧಾನಕ್ಕೆ ಓಡಿಸಬಹುದು. ಲೋಹದ ಜಿಪ್ ಆದರೆ ಅಂಚಿನ ಹಲ್ಲು ಮೊದಲು ಇಕ್ಕಳದಲ್ಲಿ ಕಿತ್ತು ಹಾಕಿ, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ.